ಮಬ್ಬು ಬಿಡುತ್ತೆ ಅಂದಿದ್ದೆ

ಯಾರ ಮನೆಯಲ್ಲಾದರೂ ತೆಂಗಿನಕಾಯಿ ತುರಿಯುವ ಸದ್ದು ಕೇಳಿದರೆ ನಾನು ಈಗಲೂ ಎದ್ದು ಹೋಗಿ ಅಡುಗೆಮನೆಗೆ ಇಣುಕುತ್ತೇನೆ. ತುರಿಯುವವರ ಕೈ ಆಡುತ್ತಿರುವುದನ್ನು ನೋಡಿಕೊಂಡು ಬರುತ್ತೇನೆ. ಏನು ಬೇಕಿತ್ತು ಎಂದು ಅವರು ಕೇಳಿದರೆ ನೀರು ಎನ್ನುತ್ತೇನೆ. ಹೀಗಾಗಿ ಹೋದಲ್ಲೆಲ್ಲ ಬೇಡದ ನೀರು ಕುಡಿದು ಬರುವುದು ನನಗೆ ರೂಢಿಯಾಗಿದೆ.

ನಮ್ಮ ಚರ್ಚು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಚರ್ಚು ಚಿಕ್ಕದು, ಅಂಗಳ ದೊಡ್ಡದು. ಕ್ರಿಸ್‌ಮಸ್ ದಿನ ಮಧ್ಯಾಹ್ನ ಆ ಅಂಗಳದಲ್ಲಿ ಸುತ್ತಮುತ್ತಲಿನವರಿಗೆಲ್ಲ ಊಟ. ಚರ್ಚಿಗೆ ಬರುವವರು, ಬರದವರು, ಬಸ್ಸಿಗೆ ಕಾದು ನಿಂತವರು, ಯಾರು ಬಂದರೂ ಎಲೆ ಹಾಕುತ್ತೇವೆ. ಹೊರಗಿನ ಅಡುಗೆಯವರನ್ನು ಕರೆಸುವ ಪದ್ಧತಿ ನಮ್ಮಲ್ಲಿಲ್ಲ. ಮನೆಯಲ್ಲಿ ಮಾಡುವ ಅಡುಗೆಯನ್ನೇ ಐನೂರು ಜನಕ್ಕೆ ಮಾಡುತ್ತೇವೆ. ಮಾಸ್ತಿಯ ಕಡೆಯಿಂದ ತರಕಾರಿ, ಕ್ಯಾಲನೂರಿನಿಂದ ಮೊಸರು ಬರುತ್ತದೆ. ಯಲ್ದೂರಿನಲ್ಲಿರುವ ನನ್ನ ಸೋದರಮಾವ ತೋಟದ ಮಾವಿನ ಸೌದೆ, ಹುಣಸೆ ಸೌದೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹಿಂದಿನ ದಿನವೇ ಬರುತ್ತಾನೆ. ಬಿರಿಯಾನಿ ಅವನದು. ದಮ್ಮಿಗೆ ಹುಣಸೆಯ ಕೆಂಡವೇ ಆಗಬೇಕು, ಬೇರೆ ಕೆಂಡ ಬೇಗ ಬೂದಿಯಾಗುತ್ತದೆ ಎಂದು ಅವನು ಪ್ರತಿ ವರ್ಷ ಹೊಸದಾಗಿ ಹೇಳುತ್ತಾನೆ.

ಮಾಂಸ ತಿನ್ನದವರಿಗೆ ಅಡುಗೆ ಮಾಡುತ್ತಿದ್ದವರು ದೊಡ್ಡಮ್ಮ. ನನ್ನ ರಕ್ತಸಂಬಂಧಿ ಅಲ್ಲ. ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯವರು, ಅಮ್ಮನ ಗೆಳತಿ. ಅವರ ಗಂಡನ ಮನೆಯವರು ತಲೆತಲಾಂತರದಿಂದ ಲೆಕ್ಕ ಬರೆಯುವ ಕೆಲಸದಲ್ಲಿದ್ದ ಬ್ರಾಹ್ಮಣರು. ದೊಡ್ಡಮ್ಮ ಮಾತ್ರ ಮೈಸೂರು ಸೀಮೆಯಿಂದ ಮದುವೆಯಾಗಿ ಬಂದವರು. ಬಹಳ ಹಿಂದೆ ಒಂದು ಕ್ರಿಸ್‌ಮಸ್ಸಿಗೆ ಅಮ್ಮ ಅವರನ್ನು ಕರೆದಿದ್ದಳಂತೆ. ಸಸ್ಯಾಹಾರಿಗಳಿಗೆ ಬಾಳೆಹಣ್ಣು, ಒಂದು ತುಂಡು ಕೇಕು ಕೊಟ್ಟು ಕೂರಿಸಿದ್ದನ್ನು ನೋಡಿ, ಮನೆಗೆ ಬಂದವರಿಗೆ ಹೀಗೆ ಮಾಡೋದಾ ಎಂದು ಅಮ್ಮನನ್ನು ಬೈದು, ಮರುವರ್ಷ ತಾವೇ ಸೌಟು ಹಿಡಿದು ಬಂದರು. ಅಂದಿನಿಂದ ಪುಳಿಯೋಗರೆ, ಕೋಸಂಬರಿ, ತಿಳಿಸಾರು, ಪಾಯಸ ಅವರದು.

ಅವರದೊಂದು ಕಟ್ಟಳೆ ಇತ್ತು. ಅಂಗಳದ ಮೂಲೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುವ ಒಂದು ಕೋಣೆಯಿದೆ. ಅಲ್ಲಿ ಒಬ್ಬರೇ ಕೂತು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಕಿಟಕಿ ಮುಚ್ಚಿ ಅಡುಗೆ ಮಾಡುತ್ತಿದ್ದರು. ಕಿಟಕಿ ತೆರೆದರೆ ಎದುರಿಗೇ ಮಾವನ ಬಿರಿಯಾನಿ. ನಾನು ಚಿಕ್ಕವಳಿದ್ದಾಗ ಮಡಿಯಾ ಎಂದು ಕೇಳಿದ್ದೆ.

"ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ ಕಣೇ. ನಿಮ್ಮ ಮಟನ್ ವಾಸನೆ ನನ್ನ ಸಾರಿಗೆ ಹತ್ತಬಾರದು, ಅಷ್ಟೇ."

ಎರಡು ವರ್ಷದ ಹಿಂದಿನ ಕ್ರಿಸ್‌ಮಸ್ ಬೆಳಿಗ್ಗೆ ಹೊಲದ ಮೇಲೆಲ್ಲ ಮಂಜು ಕೂತಿತ್ತು. ಎಂಟು ಗಂಟೆಯಾದರೂ ರಸ್ತೆಯ ಆಚೆಯ ಮಾವಿನ ಗಿಡಗಳು ಕಾಣಲಿಲ್ಲ. ಮಂಜು ಹೋದ ಮೇಲೂ ಬಿಸಿಲು ಬರಲಿಲ್ಲ, ಆಕಾಶ ಬೂದಿ ಬಣ್ಣಕ್ಕೆ ನಿಂತುಬಿಟ್ಟಿತು. ಹತ್ತು ಗಂಟೆಗೆ ಆರಾಧನೆ ಶುರುವಾಗಿ ಜನ ಒಳಗೆ ಹೋದರು. ಅಂಗಳದಲ್ಲಿ ಉಳಿದವರು ಮಾವ, ಅಮ್ಮ, ನಾನು, ಈರುಳ್ಳಿ ಹೆಚ್ಚುತ್ತಿದ್ದ ಇಬ್ಬರು ಹೆಂಗಸರು.

ಹತ್ತೂವರೆಗೆ ಮಾವನ ಗ್ಯಾಸ್ ಮುಗಿಯಿತು. ಕಬಾಬ್ ಇನ್ನೂ ಅರ್ಧ ಕರಿದಿರಲಿಲ್ಲ. ದೊಡ್ಡಮ್ಮನ ಕೋಣೆಯಲ್ಲಿದ್ದ ಸಿಲಿಂಡರ್ ಕೇಳಿ ತರಲು ನನ್ನನ್ನು ಕಳಿಸಿದ. ಅವರ ಅಡುಗೆಯೆಲ್ಲ ಆಗಿತ್ತು. ಕೋಸಂಬರಿಗೆ ಕಾಯಿ ತುರಿಯುವುದು ಬಾಕಿ ಇತ್ತು, ಸಾರನ್ನು ಊಟದ ಹೊತ್ತಿನವರೆಗೆ ಬಿಸಿಯಾಗಿಡಬೇಕಿತ್ತು. ತಣ್ಣಗಾದ ತಿಳಿಸಾರು ಬಡಿಸಿದರೆ ನನ್ನ ಮರ್ಯಾದೆ ಹೋಗುತ್ತೆ ಎಂದರು. ಅದಕ್ಕೆ ಮಾವನೇ ಉಪಾಯ ಹೇಳಿದ. ಗಾರೆ ಕೆಲಸದ ಕಬ್ಬಿಣದ ಬಾಂಡ್ಲಿಯಲ್ಲಿ ಹುಣಸೆ ಕೆಂಡ ತುಂಬಿಸಿ, ಮೂರು ಇಟ್ಟಿಗೆಯ ನಡುವೆ ಇಟ್ಟು, ಮೇಲೆ ಸಾರಿನ ಡಬರಿ ಕೂರಿಸಿದರಾಯಿತು. ಅವರ ಕೋಣೆಗೆ ಎಂದು ಅವನು ಹೊಗೆಯಾಡುವ ಕೊಳ್ಳಿಗಳನ್ನೆಲ್ಲ ಆರಿಸಿ ತೆಗೆದು, ನಿಗಿನಿಗಿ ಉರಿಯುವ ಕೆಂಡವನ್ನಷ್ಟೇ ತುಂಬಿದ. ಬಾಂಡ್ಲಿಯ ಎರಡೂ ಹಿಡಿಗೆ ಗೋಣಿಚೀಲ ಸುತ್ತಿ ಅದನ್ನು ಹೊತ್ತು ಒಳಗಿಟ್ಟವಳು ನಾನು.

ದೊಡ್ಡಮ್ಮ ಹೊಗೆ ಬರಲ್ಲ ತಾನೆ ಎಂದು ಕೇಳಿದರು. ಒಂದೆಳೆಯೂ ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಹೊರಗೆ ಬಂದ ಮೇಲೆ ಅವರು ಚಿಲಕ ಹಾಕಿದ್ದು ಕೇಳಿಸಿತು. ಮಾಂಸದ ವಾಸನೆ ಒಳಗೆ ಹೋಗದಿರಲೆಂದು ಅದೇ ಗೋಣಿಚೀಲವನ್ನು ಒದ್ದೆ ಮಾಡಿ ಬಾಗಿಲ ಕೆಳಗಿನ ಸಂದಿಗೆ ತುರುಕಿದೆ. ಅದನ್ನು ಯಾರೂ ಹೇಳಿರಲಿಲ್ಲ, ನಾನಾಗಿಯೇ ಮಾಡಿದ್ದು.

ನಾನು ಬಿ.ಎಸ್ಸಿ. ಓದಿದವಳು, ಶ್ರೀನಿವಾಸಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಗಾಳಿ ಸಾಲದ ಕಡೆ ಇದ್ದಿಲು ಉರಿದರೆ ಯಾವ ಅನಿಲ ಹುಟ್ಟುತ್ತದೆ ಎಂದು ಹಿಂದಿನ ತಿಂಗಳಷ್ಟೇ ಹಲಗೆಯ ಮೇಲೆ ಬರೆದಿದ್ದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಕಾಣುವುದಿಲ್ಲ ಎಂದು ಮಕ್ಕಳಿಂದ ಮೂರು ಸಲ ಹೇಳಿಸಿದ್ದೆ. ಆ ಅನಿಲ ಪುಸ್ತಕದಲ್ಲಿತ್ತು. ಕ್ರಿಸ್‌ಮಸ್ ಊಟಕ್ಕೂ ಅದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಹನ್ನೊಂದೂ ಕಾಲಿರಬೇಕು, ಎಲೆಯ ಕಟ್ಟು ಹೊತ್ತುಕೊಂಡು ಆ ಬಾಗಿಲ ಮುಂದೆ ಹೋಗುತ್ತಿದ್ದೆ. ಚರ್ಚಿನೊಳಗೆ ಹಾಡುತ್ತಿದ್ದರು. ಎಲ್ಲಾ ಸರಿಯಾಗಿದೆಯಾ ದೊಡ್ಡಮ್ಮ ಎಂದು ಹೊರಗಿನಿಂದಲೇ ಕೇಳಿದೆ. ಉತ್ತರ ತಡವಾಗಿ ಬಂತು. ದನಿ ಬಾಗಿಲಿಗೆ ತೀರ ಹತ್ತಿರದಲ್ಲಿತ್ತು, ಹಲಗೆಗೆ ಬಾಯಿಟ್ಟು ಮಾತಾಡಿದ ಹಾಗೆ.

"ಯಾಕೋ ಮಬ್ಬು ಕಣೇ."

ನಾನು ತಲೆಯೆತ್ತಿ ನೋಡಿದೆ. ಚರ್ಚಿನ ಶಿಲುಬೆಯ ಹಿಂದೆ ಮೋಡ ಇನ್ನೂ ಕಪ್ಪಾಗಿತ್ತು.

"ಹೌದು ದೊಡ್ಡಮ್ಮ. ಊಟದ ಹೊತ್ತಿಗೆ ಬಿಡುತ್ತೆ."

"ಬಿಡುತ್ತೆ ಅಂತೀಯಾ?"

"ಹ್ಞೂಂ, ಬಿಡುತ್ತೆ. ಕೂತ್ಕೊಳ್ಳಿ."

ಒಳಗೆ ಕಾಲೆಳೆದು ನಡೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಾಯಿ ತುರಿಯುವ ಸದ್ದು ಶುರುವಾಯಿತು. ನಾನು ಎಲೆ ತೊಳೆಯಲು ಹೋದೆ.

ನಮ್ಮ ಮನೆಮಾತು ತೆಲುಗು. ಈ ಸೀಮೆಯಲ್ಲಿ ಅದೇನೂ ವಿಶೇಷವಲ್ಲ. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ. ತೆಲುಗಿನಲ್ಲಿ ಮಬ್ಬು ಎಂದರೆ ಮೋಡ. ಹುಟ್ಟಿದಾಗಿನಿಂದ ಆ ಮಾತು ಕಿವಿಗೆ ಬಿದ್ದರೆ ನಾನು ಆಕಾಶ ನೋಡುತ್ತೇನೆ.

ಆಮೇಲಿನ ಅರ್ಧ ಗಂಟೆಯನ್ನು ನಾನು ಎಷ್ಟು ಸಲ ಮತ್ತೆ ನಡೆದಿದ್ದೇನೋ ತಿಳಿಯದು. ಎಲೆ ತೊಳೆದೆ. ಉಪ್ಪಿನ ಬಟ್ಟಲು ಹುಡುಕಿದೆ. ಎರಡು ಸಲ ಆ ಬಾಗಿಲ ಮುಂದೆ ಹಾದುಹೋದೆ. ಎರಡು ಸಲವೂ ಒಳಗಿನಿಂದ ಗರ ಗರ ಎಂಬ ಸದ್ದು ಕೇಳುತ್ತಲೇ ಇತ್ತು. ಎರಡನೆಯ ಸಲ, ಇಷ್ಟು ಹೊತ್ತು ಎಷ್ಟು ಕಾಯಿ ತುರಿಯುತ್ತಾರಪ್ಪ ಎಂದು ಅನ್ನಿಸಿತು. ಒಂದೇ ಸಮನೆ, ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಬರುತ್ತಿತ್ತು. ಮನುಷ್ಯರ ಕೈ ಹಾಗೆ ಆಡುವುದಿಲ್ಲ. ಅದು ಗೊತ್ತಾಗಿಯೂ ನಾನು ನಿಲ್ಲಲಿಲ್ಲ.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಮಾವ ಕೈ ಒರೆಸಿಕೊಳ್ಳುತ್ತ ಆಕಾಶ ನೋಡಿದ.

"ಮಬ್ಬು ಪಟ್ಟೇಸಿಂದಮ್ಮಾ. ಎಲೆ ಬಯಲಲ್ಲಿ ಹಾಕೋದಾ, ಒಳಗಾ?"

ಮೋಡ ಕವಿದಿದೆ ಎಂದು ಅವನು ಹೇಳಿದ್ದು. ಆಗಲೇ ದೊಡ್ಡಮ್ಮನೂ ಅದೇ ಅಂದರು ಎಂದು ನಾನು ಉತ್ತರ ಕೊಟ್ಟೆ. ಕೊಡುತ್ತಿರುವಾಗಲೇ ನನಗೆ ಹೊಳೆಯಿತು. ದೊಡ್ಡಮ್ಮ ಕೂತಿರುವುದು ಕಿಟಕಿ ಮುಚ್ಚಿದ ಕೋಣೆಯಲ್ಲಿ. ಅವರಿಗೆ ಮೋಡ ಹೇಗೆ ಕಂಡಿತು? ಮೂವತ್ತು ವರ್ಷ ನಮ್ಮ ಪಕ್ಕದಲ್ಲಿದ್ದು ಒಂದು ದಿನವೂ ಅವರ ಬಾಯಲ್ಲಿ ತೆಲುಗು ಬಂದದ್ದಿಲ್ಲ. ಅವರ ಕನ್ನಡದಲ್ಲಿ ಮಬ್ಬು ಎಂದರೆ ಕಣ್ಣು ಮಂಕಾಗುವುದು, ತಲೆ ಮಂಪರಾಗುವುದು. ಹಲಗೆಯ ಮೇಲೆ ನಾನು ಬರೆದ ಅಕ್ಷರಗಳು ಆಗ ನೆನಪಾದವು, ಒಂದೊಂದಾಗಿ, ನನ್ನದೇ ಕೈಬರಹದಲ್ಲಿ.

ಓಡಿ ಹೋಗಿ ಬಾಗಿಲು ಬಡಿದೆ. ಗರ ಗರ ಸದ್ದು ಮಾತ್ರ ನಿಲ್ಲಲಿಲ್ಲ. ಕರೆದರೂ ನಿಲ್ಲಲಿಲ್ಲ. ಆ ಸದ್ದಿನಷ್ಟು ಭಯಂಕರವಾದದ್ದನ್ನು ನಾನು ಇನ್ನೂ ಕೇಳಿಲ್ಲ. ಕೂಗಿದರೆ ಓಗೊಡದೆ, ಸುಮ್ಮನೆ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಮಾವ ಬಿರಿಯಾನಿ ತಿರುವುವ ಕಬ್ಬಿಣದ ಸೌಟಿನಿಂದ ಕಿಟಕಿಯ ಗಾಜು ಒಡೆದ. ಕೈ ಹಾಕಿ ಕಿಟಕಿ ತೆರೆದಾಗ ಒಳಗಿನಿಂದ ಬಂದದ್ದು ಸಾರಿನ ಒಳ್ಳೆಯ ವಾಸನೆ, ಇಂಗು, ಕರಿಬೇವು. ಹೊಗೆ ಒಂದೆಳೆಯೂ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಹಲ್ಲಿ ಹೊಟ್ಟೆ ಮೇಲಾಗಿ ಬಿದ್ದಿತ್ತು. ದೊಡ್ಡಮ್ಮ ತುರಿಮಣೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದರು, ಮಡಿಲಲ್ಲಿ ಅರ್ಧ ತುರಿದ ಹೋಳು. ಕೆನ್ನೆ ಹುಡುಗಿಯರ ಕೆನ್ನೆಯಂತೆ ಕೆಂಪಾಗಿತ್ತು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಗರಗರಿಸುತ್ತಿದ್ದದ್ದು ಡಬರಿಯ ಮೇಲಿನ ತಟ್ಟೆ. ಸಾರು ಕುದಿದ ಹಾಗೆಲ್ಲ ಅದು ಅಂಚಿಗೆ ಉಜ್ಜಿಕೊಂಡು ಅದುರುತ್ತಿತ್ತು.

ಮಾವ ಕಿಟಕಿಯ ಸರಳಿನ ನಡುವೆ ಸೌಟಿನ ಹಿಡಿ ತೂರಿಸಿ ಚಿಲಕ ಎತ್ತಿದ. ಬಾಗಿಲು ಪಕ್ಕದಲ್ಲೇ ಇದ್ದದ್ದು ನಮ್ಮ ಪುಣ್ಯ. ನಾನು ಉಸಿರು ಬಿಗಿಹಿಡಿದು ಒಳಗೆ ನುಗ್ಗಿದೆ, ಇಬ್ಬರೂ ಸೇರಿ ಅವರನ್ನು ಅಂಗಳಕ್ಕೆ ಎಳೆದು ತಂದೆವು. ಅಮ್ಮ ಅವರ ಅಂಗಾಲು ಉಜ್ಜುತ್ತ, ಅಕ್ಕಾ, ಅಕ್ಕಾ ಎಂದು ಕರೆಯುತ್ತಿದ್ದಳು. ಆರಾಧನೆ ಮುಗಿಸಿ ಬಂದ ಯಾರದೋ ಕಾರಿನಲ್ಲಿ ಕೋಲಾರಕ್ಕೆ ಒಯ್ದೆವು. ದಾರಿಯುದ್ದಕ್ಕೂ ನಾನು ಅವರ ಎದೆಯನ್ನೇ ನೋಡುತ್ತಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು.

ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದರು. ಏನು ಉರಿಸಿದ್ದಿರಿ, ಎಷ್ಟು ಹೊತ್ತು ಎಂದು ಡಾಕ್ಟರು ಕೇಳಿದರು. ಹೇಳಿದೆ. ಕೆಂಡ ಒಳಗಿಟ್ಟವರು ಯಾರು ಎಂದು ಅವರು ಕೇಳಲಿಲ್ಲ. ಅದನ್ನೂ ಹೇಳಿದೆ.

ಸಂಜೆ ದೊಡ್ಡಮ್ಮ ಕಣ್ಣು ಬಿಟ್ಟು, ಸಾರು ಬಿಸಿಯಾಗಿತ್ತಾ ಎಂದರು. ಊಟ ನಿಂತಿರಲಿಲ್ಲ. ಅಷ್ಟು ಜನ ಸಾಲಾಗಿ ಕೂತಾಗಿತ್ತು, ಅರ್ಧಕ್ಕರ್ಧ ಮಂದಿಗೆ ನಡೆದದ್ದೇ ಗೊತ್ತಿರಲಿಲ್ಲ. ಅಡುಗೆಗೆ ಏನೂ ಆಗಿಲ್ಲ ಎಂದು ಅಮ್ಮ ಎಲ್ಲವನ್ನೂ ಬಡಿಸಿದ್ದಳು. ಈ ಸಲದ ಸಾರು ಯಾವತ್ತಿಗಿಂತ ಚೆನ್ನಾಗಿದೆ, ಮಾಡಿದವರು ಯಾರು ಎಂದು ಕೇಳಿದವರಿದ್ದರಂತೆ.

ಕಳೆದ ವರ್ಷ ದೊಡ್ಡಮ್ಮ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಬರುವಷ್ಟರಲ್ಲಿ ಮಾವ ಆ ಕೋಣೆಯ ಬಾಗಿಲನ್ನೇ ಕೀಲಿನಿಂದ ಕಳಚಿ ಗೋಡೆಗೆ ಒರಗಿಸಿದ್ದ. ದೊಡ್ಡಮ್ಮ ಅದನ್ನು ನೋಡಿ, ಇನ್ನು ನನ್ನ ಸಾರು ನಿಮ್ಮ ಮಟನ್ನಿನ ಜೊತೆ ಸಂಸಾರ ಮಾಡಬೇಕಾ ಎಂದು ಗೊಣಗಿ ಒಳಗೆ ಹೋಗಿ ಕೂತರು. ನಾನು ಯಾವುದಾದರೊಂದು ನೆಪ ಮಾಡಿಕೊಂಡು ಗಳಿಗೆಗೊಮ್ಮೆ ಹೋಗಿ ನೋಡುತ್ತಿದ್ದೆ. ನಾಲ್ಕನೆಯ ಸಲಕ್ಕೆ ಅವರಿಗೆ ರೇಗಿತು.

"ಬದುಕಿದೀನಿ ಕಣೇ. ಹೋಗು, ಎಲೆ ತೊಳಿ."

ನಾನು ಹೋಗಲಿಲ್ಲ. ಅವರು ಹೋಳನ್ನು ತುರಿಮಣೆಗೆ ಒತ್ತುತ್ತ, ತಲೆ ಎತ್ತದೆ, ಬಹಳ ಸಹಜವಾಗಿ ಹೇಳಿದರು.

"ಅವತ್ತು ನಾನು ಎದ್ದು ಬಾಗಿಲ ತನಕ ಬಂದಿದ್ದೆ. ಚಿಲಕದ ಮೇಲೆ ಕೈನೂ ಇಟ್ಟಿದ್ದೆ. ನೀನು ಬಿಡುತ್ತೆ, ಕೂತ್ಕೊಳ್ಳಿ ಅಂದೆ ನೋಡು, ಓದಿದೋಳು ಹೇಳ್ತಿದಾಳೆ ಅಂತ ಹೋಗಿ ಕೂತೆ."

ಒಂದು ವರ್ಷ ನಾನು ಹೇಳದೆ ಇಟ್ಟುಕೊಂಡಿದ್ದನ್ನು ಆಗ ಹೇಳಿದೆ. ನನಗೆ ಕೇಳಿಸಿದ್ದು ಮೋಡ ಎಂದು. ನಾನು ಆಕಾಶ ನೋಡಿ ಉತ್ತರ ಕೊಟ್ಟೆ ಎಂದು.

ಅವರ ಕೈ ನಿಂತಿತು. ಬಾಗಿಲಿಲ್ಲದ ಬಾಗಿಲಿನಿಂದ ಹೊರಗೆ ನೋಡಿದರು. ಆ ದಿನ ಆಕಾಶ ತಿಳಿಯಾಗಿತ್ತು, ಮಾವನ ಒಲೆಯ ಹೊಗೆ ನೇರವಾಗಿ ಮೇಲೇರುತ್ತಿತ್ತು.

"ಹಂಗಾದ್ರೆ," ಎಂದರು, "ಅವತ್ತು ನಾವಿಬ್ರೂ ಮಾತೇ ಆಡಿರಲಿಲ್ಲ."

ಮತ್ತೆ ತುರಿಯತೊಡಗಿದರು. ನಾನು ಎದುರಿಗೇ ಕೂತೆ. ನಾಲ್ಕು ಸಲ ಉಜ್ಜಿ, ಹೋಳು ತಿರುಗಿಸಲು ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಮತ್ತೆ ನಾಲ್ಕು ಸಲ, ಮತ್ತೆ ನಿಲ್ಲುತ್ತಿತ್ತು. ಆ ನಿಲ್ಲುವುದಕ್ಕಾಗಿಯೇ ಕಾಯುತ್ತ, ಕಾಯಿ ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ.