ರೈಲಿನ ಫೋಟೊ ತಿದ್ದುತ್ತಿದ್ದವರು

ಗಜೇಂದ್ರಗಡಕ್ಕೆ ರೈಲಿಲ್ಲ. ಆದರೂ ಅಲ್ಲಿಯ ಒಂದು ಫೋಟೊ ಸ್ಟುಡಿಯೋದ ಮಾಲೀಕರಷ್ಟು ರೈಲಿನ ಫೋಟೊ ತಿಳಿದವರನ್ನು ನಾನು ಕಂಡಿಲ್ಲ. ರೋಣದ ಕಡೆ ಹಳಿಯ ಬಳಿ ನಾನು ತೆಗೆದ ಫೋಟೊ ತೋರಿಸಿದರೆ, ಎರಡು ರಟ್ಟಿನ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸರಿಸುತ್ತ ಬೇಡದ್ದನ್ನು ಮುಚ್ಚುತ್ತಿದ್ದರು. ಚೌಕಟ್ಟಿನಲ್ಲಿ ಎಂಜಿನ್ನಿನ ಮುಂದೆ ಖಾಲಿ ಜಾಗ ಇರಲೆಂದು ಪ್ರತಿ ಸಲವೂ ಒಂದೇ ಮಾತು: “ಗಾಡಿ ಮುಂದ ಹಾದಿ ಬಿಡ್ರಿ ಸರ.”

ಒಮ್ಮೆ ಸ್ಪರ್ಧೆಗೆಂದು ಒಂದು ಫೋಟೊ ಆರಿಸಿ, ರೈಲಿಗೆ ದಾರಿ ಬಿಟ್ಟು ಪಕ್ಕದಲ್ಲಿ ನಿಂತಿದ್ದ ಮೂವರು ಗ್ಯಾಂಗ್‌ಮನ್‌ಗಳನ್ನು ಅಳಿಸಿಕೊಡಿ ಎಂದೆ. ಮಾಲೀಕರು ಕಂಪ್ಯೂಟರಿನಲ್ಲಿ, ವಾಲಿದ್ದ ಫೋಟೊವನ್ನು ನೆಟ್ಟಗೆ ಮಾಡಿದರು, ಕಪ್ಪಾಗಿದ್ದ ಎಂಜಿನ್ನಿಗೆ ಬೆಳಕು ಕೊಟ್ಟರು. ಮದುಮಕ್ಕಳ ಮೊಡವೆ ದಿನವೂ ಅಳಿಸುವ ಕೈ ಅಲ್ಲಿಗೆ ನಿಂತಿತು.

“ಹಳಿ ಬಿಗಿ ಮಾಡಿದವ್ರನ್ನ ನಾ ತಗಿಯಂಗಿಲ್ರಿ.”

“ಫೋಟೊ ನಂದ್ರಿ,” ಎಂದೆ.

“ಮೌಸ್ ನಂದೈತ್ರಿ,” ಎಂದರು.

ಸಿಟ್ಟಿನಿಂದ ಎದುರಿನ ಸ್ಟುಡಿಯೋದಲ್ಲಿ ಆ ಮೂವರನ್ನೂ ತೆಗೆಸಿ, ಪ್ರಿಂಟ್ ಹಾಕಿಸಿ, ಬೇಕೆಂದೇ ತಂದು ಇವರ ಮೇಜಿನ ಮೇಲಿಟ್ಟೆ. ಅವರು ರಟ್ಟಿನ ತುಂಡಿನಿಂದ ಇಡೀ ರೈಲನ್ನು ಮುಚ್ಚಿದರು. ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ ಮೂರು ನೆರಳುಗಳು ಹಾಗೆಯೇ ಉಳಿದಿದ್ದವು.

“ಗಾಡಿ ಹೋತ್ರಿ ಸರ. ಇವ್ರು ಇನ್ನೂ ನಿಂತಾರ.”