ಎರಡು ಹಾಡು ಮುಗಿಯುವವರೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಶಾಲಾ ವ್ಯಾನಿನೊಳಗೆ ಆಗಲೇ ಯುದ್ಧ ಶುರುವಾಗಿದೆ. ಸರಿಸಿದರೆ ಸರಿಯುವ ಕಿಟಕಿ ಅದರಲ್ಲಿರುವುದು ಒಂದೇ. ಪಕ್ಕದ ಸೀಟಿಗೆ ಹಕ್ಕುದಾರರು ಇಬ್ಬರು. ಇಬ್ಬರಿಗೂ ಐದು ವರ್ಷ ತುಂಬಿಲ್ಲ.

"ನಾನು ಅವನನ್ನ ತಳ್ಳಿಬಿಡ್ತೀನಿ," ಎನ್ನುತ್ತಾಳೆ ಎರಡು ಜುಟ್ಟಿನ ಹುಡುಗಿ.

"ತಳ್ಳು. ಆಮೇಲೆ?" ಬಾಗಿಲ ಬಳಿಯ ಮಡಚು ಸೀಟಿನಲ್ಲಿ ಕೂತ ಆಯಾ ಕೇಳುತ್ತಾರೆ.

"ಅವನು ಅಳ್ತಾನೆ."

"ಆಮೇಲೆ?"

"ನೀನು ಬೈತೀಯ."

"ನಾನ್ಯಾಕೆ ಬೈಲಿ, ನನ್ನ ಗಂಟೇನು ಹೋಯ್ತು? ಆಮೇಲೆ?"

ಹುಡುಗಿ ಯೋಚನೆಗೆ ಬೀಳುತ್ತಾಳೆ. ವ್ಯಾನು ಒಂದು ತಿರುವು ದಾಟುತ್ತದೆ. "ಸಂಜೆ ಅವನು ನನ್ನನ್ನ ತಳ್ತಾನೆ," ಎಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡು ತಾನೇ ತೀರ್ಪು ಕೊಡುತ್ತಾಳೆ: "ಹೋಗ್ತಾ ಅವನು, ಬರ್ತಾ ನಾನು."

ಈ ಒಂದೇ ಪ್ರಶ್ನೆಯಿಂದಾಗಿ ಮಕ್ಕಳು ಅವರಿಗೆ ಇಟ್ಟ ಹೆಸರು ಆಮೇಲಜ್ಜಿ. ಶಾಲೆಯ ಲೆಕ್ಕದಲ್ಲಿ ಮಾತ್ರ ಅವರು ಎರಡು ಕೈ: ಮಕ್ಕಳನ್ನು ಹತ್ತಿಸುವುದೊಂದು, ಬಾಗಿಲು ಹಾಕುವುದೊಂದು. ಆ ಕೈಗಳಿಗೊಂದು ತಲೆಯೂ ಇದೆ ಎಂಬುದು ಹನ್ನೊಂದು ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ. ಹೋದ ವಾರ ಬಂತು. ಬಂದದ್ದೇ ಅಪರಾಧವಾಯಿತು.

ಅವರ ಮನೆಯ ಜಗುಲಿಯಲ್ಲಿ ಕೂತು, ಈ ಬುದ್ಧಿ ಎಲ್ಲಿ ಕಲಿತಿರಿ ಎಂದು ನಾನು ಕೇಳಿದರೆ ನಗುತ್ತಾರೆ. "ಬುದ್ಧಿ ಎಲ್ಲಿಂದ ಬಂತು ಸಾರ್! ನನ್ನ ಮದುವೇಲಿ ನನ್ನನ್ನ ಕೇಳಿದ್ದು ಒಂದೇ ಮಾತು, ಚಪ್ಪಲಿ ಅಳತೆ ಎಷ್ಟು ಅಂತ. ಮನೆಯವರು ಒಳ್ಳೇವರು ಸಿಕ್ಕಿದ್ರು, ಅದು ಬೇರೆ. ಲಾಟರಿ ಹೊಡೆದ್ರೆ ಅದನ್ನ ಜಾಣತನ ಅಂತಾರಾ?"

ಆ ಮನೆಯವರು ಬಡಗಿ. ಮಂಡಿ ಕೈಕೊಟ್ಟಿದೆ, ಸಂಸಾರದ ಬಂಡಿ ಈಗ ಉರುಳುವುದು ಇವರ ಸಂಬಳದಲ್ಲಿ. ಒಳಗಿನಿಂದಲೇ ಕೂಗುತ್ತಾರೆ: "ಮದುವೆ ಆಗಿ ಇಷ್ಟು ವರ್ಷ ಆಯ್ತು ಕಣೇ, ಇನ್ನೂ ಯೋಚನೆ ಮಾಡ್ತಾನೇ ಇದ್ದೀಯಾ?"

ಆಮೇಲಜ್ಜಿಯ ಉಪಾಯ ಸದಾ ಫಲಿಸುತ್ತದೆಂದೇನೂ ಇಲ್ಲ. "ಒಬ್ಬ ಇದ್ದಾನೆ. ಕಚ್ಚಿದ್ರೆ ಅಳ್ತಾನೆ, ರಕ್ತ ಬರುತ್ತೆ, ಅವರಮ್ಮ ಬರ್ತಾರೆ, ಎಲ್ಲ ಸರಿಯಾಗಿ ಹೇಳಿದ. ಹೇಳಿ ಮುಗಿಸಿ, ಕಚ್ಚಿದ."

ಹೋದ ವಾರ ಕೊನೆಯ ಸ್ಟಾಪಿನಲ್ಲಿ ಒಬ್ಬ ಹುಡುಗಿ ಕಾಣಲಿಲ್ಲ. ಅವಳ ತಾಯಿ ರಾತ್ರಿ ಪಾಳಿ ಮುಗಿಸಿ ಬಂದವಳೇ ಮಗಳನ್ನು ವ್ಯಾನಿಗೆ ಹತ್ತಿಸುವವಳು. ಡ್ರೈವರ್ ಗೇರ್ ಹಾಕಿದ್ದ. ಆಮೇಲಜ್ಜಿ ಹಿಂದಕ್ಕೆ ತಿರುಗಿ ಮಕ್ಕಳನ್ನು ಕೇಳಿದರು: "ಕಾಯೋಣ್ವಾ, ಹೋಗೋಣ್ವಾ?"

ಹೋದರೆ ಅವಳು ಬೀದಿಯಲ್ಲಿ ನಿಂತು ಅಳುತ್ತಾಳೆ. ಕಾದರೆ ಶಾಲೆಯ ಗೇಟು ಹಾಕುತ್ತಾರೆ. ಹದಿನಾಲ್ಕು ಮಕ್ಕಳು ಎರಡನ್ನೂ ತೂಗಿ ನೋಡಿದವು. ಗಡಿಯಾರ ನೋಡಲು ಒಂದಕ್ಕೂ ಬಾರದು. "ಎರಡು ಹಾಡು ಹಾಡೋಣ. ಅಷ್ಟರಲ್ಲಿ ಬರದಿದ್ರೆ ಹೋಗೋಣ," ಎಂದವನು ಆ ಕಚ್ಚಿದವನೇ. ಎರಡನೆಯ ಹಾಡು ಮುಗಿಯುವಾಗ ತಾಯಿ ಮಗಳು ಓಡುತ್ತ ಬಂದರು. "ಕೊನೇ ಸಾಲನ್ನ ಮೂರು ಸಲ ಎಳೆದ್ರು ಕಳ್ಳರು," ಎನ್ನುತ್ತಾನೆ ಡ್ರೈವರ್.

ಗೇಟು ಮುಚ್ಚಿತ್ತು. ಮೊದಲ ಪೀರಿಯಡ್ ಮುಗಿಯುವವರೆಗೆ ಹದಿನೈದೂ ಮಕ್ಕಳು ಹೊರಗೆ ನಿಂತವು. ಹಾಲುಹಲ್ಲಿನ ಮಕ್ಕಳ ಮುಖದ ಮೇಲೆ ಗೇಟು ಹಾಕಿದವರನ್ನು ಯಾರೂ ಕೇಳಲಿಲ್ಲ. ಹೆತ್ತವರ ದೂರು ಹೋದದ್ದು ಆಯಾ ಮೇಲೆ: ಮಕ್ಕಳನ್ನೇನು ಕೇಳುವುದು, ಅವಕ್ಕೇನು ಗೊತ್ತಾಗುತ್ತದೆ?

ಅದೇ ಗೇಟಿನ ಪಕ್ಕದ ಗೋಡೆಯ ಮೇಲೆ ಆಳೆತ್ತರದ ಅಕ್ಷರ: "ಚಿಂತಿಸಿ ನಿರ್ಧರಿಸುವ ಮಕ್ಕಳೇ ನಮ್ಮ ಹೆಮ್ಮೆ." ಒಳಗೆ ವಾರಕ್ಕೊಮ್ಮೆ ಅದರ ತರಗತಿಯೂ ನಡೆಯುತ್ತದೆ. ಚಿತ್ರದ ಎಲೆಗೆ ಯಾವ ಬಣ್ಣ ಬಳಿಯಬೇಕೆಂದು ಅಲ್ಲಿ ಮಕ್ಕಳೇ ತೀರ್ಮಾನಿಸಬಹುದು, ಹಸಿರಾಗಿದ್ದರೆ ಸಾಕು.

ಶಾಲೆಯ ಮ್ಯಾನೇಜರ್ ಆಮೇಲಜ್ಜಿಯನ್ನು ಕರೆಸಿ, ನಿಲ್ಲಿಸಿಕೊಂಡೇ ಹೇಳಿದರು: ತಪ್ಪಾಯಿತೆಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರದಿಂದ ಬರಬೇಡಿ. ಮೇಜಿನ ಮೇಲಿನ ಟೀ ಆರುವ ಮೊದಲೇ ಹನ್ನೊಂದು ವರ್ಷದ ದುಡಿಮೆ ಇತ್ಯರ್ಥವಾಗಿತ್ತು. "ಆಮೇಲೆ?" ಎಂದು ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ.

"ತಡ ಆಗಿದ್ದು ತಪ್ಪು, ಬರೆದುಕೊಡ್ತೀನಿ ಅಂದೆ. ಅಲ್ಲ, ಮಕ್ಕಳನ್ನ ಕೇಳಿದ್ದು ತಪ್ಪು ಅಂತ ಬರಿ ಅಂದ್ರು. ಅದು ಮಾತ್ರ ಆಗಲ್ಲ ಸಾರ್. ಬೈಸ್ಕೋತೀವಿ ಅಂತ ಗೊತ್ತಿದ್ದೂ ಕಾಯ್ತೀವಿ ಅಂದವು ಅವು. ಅದನ್ನ ತಪ್ಪು ಅಂತ ಬರೆದು, ಆಮೇಲೆ ಯಾವ ಮುಖ ಇಟ್ಕೊಂಡು ಅವುಗಳನ್ನ ಏನಾದ್ರೂ ಕೇಳ್ಲಿ?"

ಶುಕ್ರವಾರ ಸಂಜೆ ಕೊನೆಯ ಮಗುವನ್ನು ಇಳಿಸಿ, ಬಾಗಿಲು ಎಳೆದುಕೊಳ್ಳುತ್ತಾರೆ. ಸೋಮವಾರ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಕೊನೇ ಸ್ಟಾಪಲ್ಲಿ ನಿಂತಿರ್ತೀನಿ. ಅಷ್ಟೊತ್ತಿಗೆ ಎಲ್ಲ ಮಕ್ಕಳೂ ಹತ್ತಿರ್ತವೆ. ನನ್ನನ್ನ ಹತ್ತಿಸ್ಕೋಬೇಡ ಅಂತ ಡ್ರೈವರ್‌ಗೆ ಹೇಳಿದ್ದಾರಂತೆ." ಮಡಚು ಸೀಟನ್ನು ಎತ್ತಿ ಕೊಂಡಿ ಹಾಕುತ್ತಾರೆ. "ಒಳಗೆ ಕೂತಿರೋರನ್ನ ಇನ್ನೂ ಯಾರೂ ಕೇಳಿಲ್ಲ."