ಹಗಲು ಓದಿದರೆ ಮಾವ ದಾರಿ ತಪ್ಪುತ್ತಾನೆ

ಹರಿಹರದ ನಮ್ಮಕ್ಕನ ಮನೆಯಲ್ಲಿ ಹಗಲು ಹೊತ್ತು ಯಾರೂ ಕಥೆ ಹೇಳುವಂತಿರಲಿಲ್ಲ. ಹೇಳಿದರೆ ಮಕ್ಕಳ ಸೋದರಮಾವ ದಾರಿ ತಪ್ಪುತ್ತಾನೆ ಎಂದು ಅಕ್ಕನ ಅತ್ತೆ ನಂಬಿದ್ದರು. ಆ ಮನೆಗೆ ಸೋದರಮಾವನೆಂದರೆ ನಾನೊಬ್ಬನೇ.

ಐವತ್ತರ ದಶಕದ ಕೊನೆಯಿರಬೇಕು. ಅರವತ್ತು ದಾಟಿತ್ತೋ ಏನೋ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಪಿ.ಜೆ. ಬಡಾವಣೆಯಲ್ಲಿ ಬಾಡಿಗೆ ಕೋಣೆ. ಪುರಾವೆಯಿಲ್ಲದೆ ಏನನ್ನೂ ಒಪ್ಪಬಾರದು ಎಂಬುದು ಆಗ ನಾನು ಹಿಡಿದಿದ್ದ ಒಂದೇ ವ್ರತ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ನಡುವಿನ ಬಾತಿ ದಾಟಿ ಹರಿಹರಕ್ಕೆ ಹೋಗಿ, ಅಕ್ಕನ ಕೈಯ ರೊಟ್ಟಿ ಉಂಡು ಸಂಜೆಗೆ ಮರಳುತ್ತಿದ್ದೆ. ಹೋಗುವಾಗ ಅಕ್ಕನ ಮಗಳಿಗೆ ಓದಲು ಏನಾದರೂ ಒಯ್ಯುತ್ತಿದ್ದೆ. ಅವಳಿಗೆ ಆಗ ಹತ್ತೋ ಹನ್ನೊಂದೋ.

ಪುಸ್ತಕ ಆರಿಸುವವನಿಗೆ ಅದು ಕಷ್ಟದ ವಯಸ್ಸು. ಕಾಗೆ ನರಿಯ ಕಥೆಗಳು ಸಾಕಾಗಿರುತ್ತವೆ. ದೊಡ್ಡವರ ಕಾದಂಬರಿಯನ್ನು ಮನೆಯಲ್ಲಿ ಮುಟ್ಟಗೊಡುವುದಿಲ್ಲ. ಅಂಥ ಮಕ್ಕಳಿಗೆಂದೇ ಬರೆದ ಸಣ್ಣ ಕಾದಂಬರಿಗಳು ಆಗಷ್ಟೇ ದಾವಣಗೆರೆಯ ಅಂಗಡಿಗೆ ಒಂದೊಂದಾಗಿ ಬರತೊಡಗಿದ್ದವು. ಅವುಗಳಲ್ಲಿ ರಾಜನಿರಲಿಲ್ಲ, ಕೊನೆಯ ಸಾಲಿನಲ್ಲಿ ನೀತಿಯೂ ಇರಲಿಲ್ಲ. ನನಗೆ ಅಷ್ಟೇ ಸಾಕಿತ್ತು. ಅಂಗಡಿಯಲ್ಲಿ ನಿಂತೇ ಅರ್ಧ ಓದಿ ಆರಿಸುತ್ತಿದ್ದೆ. ಸಿಕ್ಕ ಸಿಕ್ಕ ತಂದೆತಾಯಿಯರಿಗೆಲ್ಲ ಇಂಥದನ್ನೇ ಕೊಡಿಸಿ ಎಂದು ಉಪದೇಶ ಮಾಡುತ್ತಿದ್ದೆ.

ಆ ಸಲ ಕೊಟ್ಟದ್ದು, ತಪ್ಪಿಸಿಕೊಂಡ ಕುದುರೆಮರಿಯನ್ನು ಹುಡುಕುತ್ತ ಹೊಳೆಯ ದಂಡೆಗುಂಟ ಹೊರಟ ಮೂವರು ಮಕ್ಕಳ ಕಥೆ. ಅದರ ಹೊದಿಕೆ ಹಸಿರು ಎಂದು ನನ್ನ ನೆನಪು. ನೀಲಿ ಎನ್ನುತ್ತಾಳೆ ಅಕ್ಕ.

ಸಂಜೆ ದೀಪ ಹಚ್ಚಿದ ಮೇಲೆ ಹುಡುಗಿಗೆ ಶಾಲೆಯ ಪಾಠ, ಊಟ, ನಿದ್ದೆ. ಕಥೆಗೆ ಬಿಡುವೆಂದರೆ ಮಧ್ಯಾಹ್ನವೇ. ಮನಸ್ಸಿನಲ್ಲೇ ಓದಿಕೊಳ್ಳುವುದು ಅವಳಿಗೆ ಇನ್ನೂ ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಶುರುಮಾಡಿದಳು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ, ಅಂದರೆ ಅಕ್ಕನ ಅತ್ತೆ, ಕೈಯೆತ್ತಿ ತಡೆದರು.

ಓದುವುದು ಬೇರೆ, ಹೇಳುವುದು ಬೇರೆ ಎಂದು ನಾನು ವಾದ ಹೂಡಿದೆ.

“ಬಾಯಿ ಆಕೀದು, ಕಿವಿ ನಂದು. ಹೇಳಿದಂಗೇ ಆತಲ್ಲ ತಮ್ಮಾ,” ಎಂದರು. “ನಿಮ್ಮ ಸಲುವಾಗೇ ಬ್ಯಾಡ ಅನ್ನದು. ದಾರಿ ತಪ್ಪೋರು ನಾವಲ್ಲ.”

ದಾವಣಗೆರೆಗೂ ಹರಿಹರಕ್ಕೂ ಇರುವುದೇ ಒಂದು ರಸ್ತೆ, ತಪ್ಪಬೇಕೆಂದರೂ ತಪ್ಪಲಾಗದು ಎಂದು ನಕ್ಕೆ. ಅಷ್ಟಕ್ಕೆ ಬಿಡದೆ ಹುಡುಗಿಯ ಕಡೆ ತಿರುಗಿ, ಪರೀಕ್ಷೆ ಮಾಡಿಯೇ ನೋಡೋಣ ಎಂದೆ. ಈ ವಾರ ದಿನಾ ಹಗಲಲ್ಲೇ ಓದು. ಬರುವ ಭಾನುವಾರ ನಾನು ಸರಿಯಾಗಿ ಬಂದೆನೆಂದರೆ ಅಜ್ಜಿಯ ಮಾತು ಸುಳ್ಳು.

ಅವಳು ಒಪ್ಪಿದಳು. ಶಾಲೆಯಿಂದ ಬಂದವಳೇ ಬಿಸಿಲು ಇಳಿಯುವುದರೊಳಗೆ ಓದುತ್ತಿದ್ದಳಂತೆ. ಅಜ್ಜಿಯೂ ಮೊರ ಹಿಡಿದು ಹತ್ತಿರವೇ ಕೂತು, ಆ ಮರಿ ಸಿಕ್ತೇನು ಎಂದು ನಡುನಡುವೆ ವಿಚಾರಿಸುತ್ತಿದ್ದರಂತೆ.

ಆ ಭಾನುವಾರ ನಾನು ಹೋಗಲಿಲ್ಲ. ದೊಡ್ಡ ಕಾರಣವೇನೂ ಇರಲಿಲ್ಲ. ಹೋಟೆಲಿನಲ್ಲಿ ಗೆಳೆಯರು ಸಿಕ್ಕರು. ದೋಸೆ, ಕಾಫಿ, ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ. ಮತ್ತೊಂದು ಕಾಫಿ ಬರುವ ಹೊತ್ತಿಗೆ ಬಸ್ಸಿನ ಯೋಚನೆ ಬಿಟ್ಟಿದ್ದೆ. ಪರೀಕ್ಷೆಯ ಮಾತು ತಲೆಗೇ ಬರಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಯಾಕೆಂದು ಈಗ ಹೊಳೆಯುವುದಿಲ್ಲ.

ಕೊನೆಗೆ ಹೋದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. “ಯಾಕ ಮಾಮ, ಬರ್ಲೇ ಇಲ್ಲ?”

“ದಾರಿ ತಪ್ಪಿತ್ತವ್ವಾ,” ಎಂದೆ. “ಬಾತಿ ಗುಡ್ಡದ ಹತ್ರ.”

ಇದನ್ನು ಹೇಳಿದ್ದು ನಾನಲ್ಲ, ನನ್ನನ್ನು ಚುಡಾಯಿಸಲು ಭಾವ ಹೇಳಿದ್ದು ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಭಾವ ಅಂದು ಊರಲ್ಲೇ ಇರಲಿಲ್ಲ ಎಂದು ಅಕ್ಕ ಒಮ್ಮೆ ಹೇಳಿದಳು. ಯೋಚಿಸಿದರೆ, ತಮಾಷೆಗೂ ಒಂದು ಊರಿನ ಹೆಸರು ಸೇರಿಸಿ ನಿಜದಂತೆ ಕಾಣಿಸುವ ಚಟ ನನ್ನದೇ. ನಾನೇ ಹೇಳಿರಬೇಕು.

ಹುಡುಗಿ ನಗಲಿಲ್ಲ. ಒಳಗೆ ಹೋದಳು.

ಊಟಕ್ಕೆ ಕೂತಾಗ ಅಕ್ಕ ನಡೆದದ್ದನ್ನು ತಿಳಿಸಿದಳು. ಮೊದಲ ಭಾನುವಾರ ದೀಪ ಹಚ್ಚುವವರೆಗೂ ಹುಡುಗಿ ಬಾಗಿಲು ಬಿಟ್ಟು ಕದಲಿರಲಿಲ್ಲ. ಮರುದಿನದಿಂದ ಪುಸ್ತಕ ಮುಟ್ಟಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ಕಥೆಯಂಥ ಪಾಠ ಬಂದರೂ ಹಗಲಲ್ಲಿ ಬಾಯಿ ಬಿಡುತ್ತಿರಲಿಲ್ಲವಾಗಿ ಮೇಷ್ಟ್ರಿಂದ ಬೈಸಿಕೊಂಡಿದ್ದಳು. ಹೀಗಾದರೆ ಇವಳು ಓದುವುದನ್ನೇ ಬಿಡುತ್ತಾಳೆ ಎಂದು ಅಕ್ಕನಿಗೆ ಚಿಂತೆ.

“ನಾನೂ ಕೂತು ಕೇಳಿದೆನಲ್ಲ. ತಪ್ಪಿನಾಗೆ ನಂದೂ ಪಾಲು ಐತೆ,” ಎಂದು ಅಜ್ಜಿ ನನ್ನ ತಟ್ಟೆಗೆ ತುಪ್ಪ ಬಡಿಸಿದರು. ಎಂದಿಗಿಂತ ಹೆಚ್ಚೇ ಬಡಿಸಿದರು, ದಾರಿ ತಪ್ಪಿ ಮನೆ ಮುಟ್ಟಿದವನಿಗೆ ಬಡಿಸುವ ಹಾಗೆ.

ಕೈ ತೊಳೆದವನೇ ಹುಡುಗಿಯನ್ನು ಕರೆದು ಇದ್ದದ್ದು ಇದ್ದಂತೆ ಹೇಳಿದೆ. ದಾರಿ ತಪ್ಪಿರಲಿಲ್ಲ, ಬಸ್ಸೇ ಹತ್ತಿರಲಿಲ್ಲ, ಗೆಳೆಯರ ಜೊತೆ ಹೋಟೆಲಿನಲ್ಲಿ ಹರಟುತ್ತ ಕೂತಿದ್ದೆ.

“ಸುಳ್ಳು ಹೇಳಬ್ಯಾಡ ಮಾಮ,” ಎಂದಳು. “ನನಗೆ ಬ್ಯಾಸರ ಆಗಬಾರದು ಅಂತ ಹಂಗಂತೀಯ. ಬರ್ತೀನಿ ಅಂದು ನೀ ಹೋಟ್ಲಾಗೆ ಯಾಕ ಕೂಡ್ತಿ?”

ಅವಳು ಪುಸ್ತಕ ತಂದು ನನ್ನ ಕೈಗಿಟ್ಟಳು. ನಿಲ್ಲಿಸಿದ ಪುಟದಲ್ಲಿ ಕಸಬರಿಗೆಯ ಕಡ್ಡಿಯೊಂದಿತ್ತು. ಬೇರೆ ಯಾರಿಗಾದರೂ ಕೊಡು, ಸೋದರಮಾವ ಇಲ್ಲದೋರಿಗೆ ಎಂದಳು.

ಈಗಲೇ ಓದಿ ಮುಗಿಸು, ನಾನು ಕಣ್ಣೆದುರೇ ಇದ್ದೇನಲ್ಲ ಎಂದೆ. ಬೇಡಿಕೊಂಡೆ ಎಂದರೂ ಸರಿಯೇ. ಅವಳು ಸ್ವಲ್ಪ ಯೋಚಿಸಿ ಅಜ್ಜಿಯನ್ನು ಕೇಳಿದಳು, “ಕೂತೋರು ದಾರಿ ತಪ್ತಾರಾ?”

ಅಜ್ಜಿ ಮೊರ ಕೆಳಗಿಟ್ಟು ಲೆಕ್ಕ ಹಾಕಿದರು. “ಕೂತೋರಿಗೆ ಎಲ್ಲೀದು ದಾರಿ? ಓದವ್ವ. ಮಾಮ ಏಳಬಾರದು, ಅಷ್ಟೇ.”

ಹೀಗೆ ನಾನು ಪಡಸಾಲೆಯ ಕಂಬಕ್ಕೊರಗಿ ಕೂತೆ. ಅವಳು ಓದಿದಳು. ಒಂದೆಡೆ ಕೂಡುವ ಜಾಯಮಾನ ನನ್ನದಲ್ಲ. ಒಮ್ಮೆ ನೀರು ಕುಡಿಯಲು ಎದ್ದೆ. ಓದು ನಿಂತಿತು. ಹಿಂತಿರುಗಿ ಕೂತ ಮೇಲೇ ಸಾಲಿನ ಮೇಲಿಟ್ಟ ಬೆರಳು ಮುಂದೆ ಸರಿಯಿತು. ಮತ್ತೆ ನಾನು ಅಲುಗಾಡಲಿಲ್ಲ. ಹೊಳೆಯಾಚೆಯ ಬಿದಿರುಮೆಳೆಯಲ್ಲಿ ಗೊರಸಿನ ಸದ್ದು ಕೇಳಿಸುವಲ್ಲಿಗೆ ಕಥೆ ಬಂದಿತ್ತು. ಅದರಾಚೆ ನಾನೂ ಓದಿರಲಿಲ್ಲ.

ಆಗ ಬಸ್ಸಿನ ಹೊತ್ತಾಯಿತು. ನಾನು ಎದ್ದು ನಿಂತೆ.

ಅವಳು ಕಡ್ಡಿ ಇಟ್ಟು ಪುಸ್ತಕ ಮುಚ್ಚಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. “ಹೋಗಿ ಬಾ ಮಾಮ. ನೀ ಮನಿ ಮುಟ್ಟೋ ತನಕ ತೆಗೆಯಂಗಿಲ್ಲ.”

ಬಾಗಿಲವರೆಗೆ ಹೋದವನು ಮರಳಿ ಬಂದು ಕಂಬದ ಹತ್ತಿರ ಕೂತೆ, ಅವಳು ಕೊನೆಯವರೆಗೆ ಓದಿದಳು, ಮರಿ ಸಿಕ್ಕಿತು ಎಂದು ನನ್ನ ನೆನಪು. ಆ ನೆನಪನ್ನು ನಾನು ನಂಬುವುದಿಲ್ಲ. ಕೂತಿದ್ದರೆ ಆ ರಾತ್ರಿ ಅಲ್ಲೇ ಉಳಿದಿರಬೇಕಿತ್ತು, ಸೋಮವಾರ ಬೆಳಗಿನ ಪಾಠ ತಪ್ಪಿರಬೇಕಿತ್ತು. ಆ ಕಾಲೇಜಿನಲ್ಲಿ ನಾನು ಪಾಠ ತಪ್ಪಿಸಿದ್ದೇ ಇಲ್ಲ, ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಅಕ್ಕನನ್ನು ಕೇಳಿದರೆ ತಿಳಿಯುತ್ತದೆ. ಹೊದಿಕೆ ಹಸಿರೋ ನೀಲಿಯೋ ಎಂದು ಎಷ್ಟೋ ಸಲ ಕೇಳಿದ್ದೇನೆ. ಇದನ್ನು ಇನ್ನೂ ಕೇಳಿಲ್ಲ.